ಯೂದ ಮಕ್ಕಬಿಯೂ ದೀಪಗಳ ಹಬ್ಬವೂ

ಕಾರ್ತಿಕ ಮಾಸವು ಬಂದಿತೆಂದರೆ ನಮ್ಮ ಚೆನ್ನೈ ನಗರದ ಬೀದಿಗಳಿಗೆ ಬೇರೊಂದು ಕಳೆಯೇ ಬರುತ್ತದೆ. ದೀಪಾವಳಿಯ ಪಟಾಕಿಗಳ ಸದ್ದು ಅಡಗಿ ಕೆಲವು ದಿನಗಳು ಕಳೆಯುವಷ್ಟರಲ್ಲಿಯೇ ತಮಿಳು ಬಂಧುಗಳ ತಿರುಕಾರ್ತಿಗೈ ಹಬ್ಬವು ಬರುತ್ತದೆ. ಮನೆಮನೆಯ ಹೊಸ್ತಿಲಿನಲ್ಲಿಯೂ ಕಿಟಕಿಗಳಲ್ಲಿಯೂ ತಾರಸಿಯ ಅಂಚಿನಲ್ಲಿಯೂ ಮಣ್ಣಿನ ಹಣತೆಗಳು ಸಾಲುಗೊಂಡು ಉರಿಯುತ್ತವೆ. ನಮ್ಮ ಕನ್ನಡ ಮನೆಗಳಲ್ಲಿಯೂ ಆ ತಿಂಗಳೆಲ್ಲ ತುಳಸಿಯ ಕಟ್ಟೆಯ ಮುಂದೆ ದೀಪವಿಡುವರು. ಊರ ಕಡೆ ಆಕಾಶದೀಪವನ್ನು ಏರಿಸುವರು. ದೇವಾಲಯಗಳಲ್ಲಿ ಲಕ್ಷದೀಪೋತ್ಸವವನ್ನು ನಡೆಸುವರು. ಹಗಲು ಕಿರಿದಾಗಿ ಇರುಳು ಹಿರಿದಾಗುವ ಕಾಲದಲ್ಲಿ ದೀಪವನ್ನು ಬೆಳಗಿಸಬೇಕೆಂಬ ಬಯಕೆಯು ಒಂದು ನಾಡಿಗಾಗಲಿ ಒಂದು ಮತಕ್ಕಾಗಲಿ ಸೇರಿದ್ದಲ್ಲ. ಅದು ಮನುಷ್ಯಮಾತ್ರದವರ ಬಯಕೆ.

ಇದೇ ಕಾಲದಲ್ಲಿ, ಇದೇ ನಗರದಲ್ಲಿ, ಹಿಂದೆ ಮತ್ತೊಂದು ಜನರೂ ತಮ್ಮ ಮನೆಗಳಲ್ಲಿ ದೀಪಗಳನ್ನು ಸಾಲಾಗಿ ಹಚ್ಚಿರಬೇಕು. ಅವರೇ ಯೆಹೂದ್ಯರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅವರು ಆಮ್‌ಸ್ಟರ್‌ಡಾಮ್, ಲಂಡನ್ ಮೊದಲಾದ ನಗರಗಳಿಂದ ಮದರಾಸಿಗೆ ಬಂದು ನೆಲಸಿದರು. ಯೂರೋಪಿನಿಂದ ಹವಳವನ್ನೂ ಬೆಳ್ಳಿಯನ್ನೂ ತರಿಸುವುದು, ಗೋಲ್ಕೊಂಡದ ಗಣಿಗಳ ವಜ್ರಗಳನ್ನು ಕೊಂಡು ಕಳುಹಿಸುವುದು ಅವರ ವ್ಯಾಪಾರವಾಗಿತ್ತು. ಅವರಲ್ಲಿ ಮುಖ್ಯನಾದ ಜಾಕ್ ದ ಪೈವಾ ಎಂಬಾತನು ೧೬೮೭ರಲ್ಲಿ ತೀರಿಕೊಂಡನು. ಮರುವರ್ಷ, ಅಂದರೆ ೧೬೮೮ರಲ್ಲಿ, ಮದರಾಸಿನ ನಗರಸಭೆಯು ಸ್ಥಾಪಿತವಾದಾಗ ಅದರ ಆಲ್ಡರ್‌ಮನ್ನರಲ್ಲಿ ಮೂವರು ಯೆಹೂದ್ಯ ವರ್ತಕರಿದ್ದರು. ಜಾರ್ಜ್ ಟೌನಿನಲ್ಲಿ ಇಂದಿಗೂ ಹವಳದ ವರ್ತಕರ ಹೆಸರಿನ ಬೀದಿಯೊಂದುಂಟು. ಆ ಸಮಾಜವು ಈಗ ಬಹುಮಟ್ಟಿಗೆ ಕಣ್ಮರೆಯಾಗಿದೆ. ಲಾಯ್ಡ್ಸ್ ರಸ್ತೆಯ ಸಣ್ಣ ಯೆಹೂದ್ಯ ಸ್ಮಶಾನದಲ್ಲಿ ಹೀಬ್ರೂ ಅಕ್ಷರಗಳನ್ನು ಕೊರೆದ ಕೆಲವು ಕಲ್ಲುಗಳು ಮಾತ್ರ ಉಳಿದಿವೆ.

ಆ ಜನರು ಎಲ್ಲಿ ನೆಲಸಿದರೂ ಚಳಿಗಾಲದಲ್ಲಿ ಎಂಟು ರಾತ್ರಿ ದೀಪವನ್ನು ಹಚ್ಚುತ್ತಾರೆ. ಈ ಹಬ್ಬಕ್ಕೆ ಹನುಕ್ಕಾ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಹನುಕ್ಕಾ ಎಂದರೆ ಪ್ರತಿಷ್ಠೆ, ದೇವರಿಗೆ ಮರಳಿ ಅರ್ಪಿಸುವುದು ಎಂದರ್ಥ. ಆ ಪ್ರತಿಷ್ಠೆಯನ್ನು ಮಾಡಿಸಿದವನು ಇಂದಿಗೆ ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಬಾಳಿದ ಯೂದ ಮಕ್ಕಬಿ ಎಂಬ ವೀರನು. ಅವನ ಚರಿತ್ರೆಯನ್ನು ಅರಿಯದೆ ಈ ಹಬ್ಬದ ಅರ್ಥವನ್ನು ತಿಳಿಯಲಾಗದು. ಆದುದರಿಂದ ಆ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಲು ಇಲ್ಲಿ ಯತ್ನಿಸುತ್ತೇವೆ.

ಮೆಡಿಟರೇನಿಯನ್ ಸಮುದ್ರದ ಪೂರ್ವದ ಕರೆಯಲ್ಲಿ ಯೂದಾಯ ಎಂಬ ಚಿಕ್ಕ ಗುಡ್ಡಗಾಡು ನಾಡು ಇದ್ದಿತು. ಜೆರೂಸಲೇಮ್ ಅದರ ರಾಜಧಾನಿ. ಅಲ್ಲಿನ ದೇವಾಲಯವು ಯೆಹೂದ್ಯರೆಲ್ಲರ ಏಕಮಾತ್ರ ಪುಣ್ಯಕ್ಷೇತ್ರ. ಅದರಲ್ಲಿ ಯಾವ ವಿಗ್ರಹವೂ ಇರಲಿಲ್ಲ. ಏಳು ಕವಲುಗಳ ಚಿನ್ನದ ದೀಪಸ್ತಂಭವೊಂದು ಉರಿಯುತ್ತಿತ್ತು. ಗ್ರೀಕ್ ವೀರನಾದ ಅಲೆಕ್ಸಾಂಡರನು ಕ್ರಿ. ಪೂ. ೩೨೩ರಲ್ಲಿ ಮಡಿದ ಮೇಲೆ ಅವನ ದೊಡ್ಡ ರಾಜ್ಯವನ್ನು ಸೇನಾಪತಿಗಳು ಹಂಚಿಕೊಂಡರು. ಅವರಲ್ಲೊಬ್ಬನಾದ ಸೆಲ್ಯೂಕಸನ ಹೆಸರು ನಮಗೆ ಹೊಸದಲ್ಲ. ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡು, ತಾನು ಬಿಟ್ಟುಕೊಟ್ಟ ನಾಡುಗಳಿಗೆ ಪ್ರತಿಯಾಗಿ ಐನೂರು ಆನೆಗಳನ್ನು ಪಡೆದವನೇ ಈತನು. ಸಿರಿಯದಲ್ಲಿ ನೆಲೆನಿಂತ ಇವನ ವಂಶದ ಅರಸರು ಕ್ರಿ. ಪೂ. ೨೦೦ರ ಸುಮಾರಿಗೆ ಯೂದಾಯವನ್ನು ಈಜಿಪ್ಟಿನ ಅರಸರಿಂದ ಕಿತ್ತುಕೊಂಡರು. ಆಗ ಮೂರನೆಯ ಆಂಟಿಯೋಕಸನು ಯೆಹೂದ್ಯರು ತಮ್ಮ ಪೂರ್ವಿಕರ ಕಟ್ಟಳೆಯಂತೆಯೇ ಬಾಳಬಹುದೆಂದು ಅಪ್ಪಣೆಯಿತ್ತನು. ಒಂದು ತಲೆಮಾರಿನ ಕಾಲ ಅವರು ನೆಮ್ಮದಿಯಿಂದಲೇ ಇದ್ದರು.

ಆದರೆ ಅದೇ ಆಂಟಿಯೋಕಸನು ರೋಮನರೊಡನೆ ಕಾದಿ ಸೋತನು. ಕ್ರಿ. ಪೂ. ೧೮೮ರ ಸಂಧಿಯಂತೆ ಅವನು ರೋಮಿಗೆ ಅಪಾರವಾದ ದಂಡವನ್ನು ತೆರಬೇಕಾಯಿತು. ಅಂದಿನಿಂದ ಸಿರಿಯದ ಅರಸರಿಗೆ ಹಣದ ಅವಸರವು ಬಿಡದೆ ಅಂಟಿಕೊಂಡಿತು. ಕ್ರಿ. ಪೂ. ೧೭೫ರಲ್ಲಿ ನಾಲ್ಕನೆಯ ಆಂಟಿಯೋಕಸನು ಪಟ್ಟಕ್ಕೆ ಬಂದನು. ತನ್ನನ್ನು ದೇವರ ಅವತಾರವೆಂದು ಸಾರುವ ಬಿರುದನ್ನು ಇವನು ಧರಿಸಿದ್ದನು. ಜೆರೂಸಲೇಮಿನ ಮಹಾಯಾಜಕನ ಪದವಿಯನ್ನು ಹೆಚ್ಚು ಹಣ ಕೊಟ್ಟವರಿಗೆ ಮಾರುವುದಕ್ಕೆ ಇವನು ಹಿಂದೆಗೆಯಲಿಲ್ಲ. ಕೊಳ್ಳುವವರೂ ಯೆಹೂದ್ಯರಲ್ಲಿಯೇ ದೊರೆತರು. ಗ್ರೀಕರ ಉಡುಪು, ಗ್ರೀಕರ ಹೆಸರು, ಗ್ರೀಕರ ಗರಡಿ ಇವುಗಳಲ್ಲಿಯೇ ನಾಗರಿಕತೆಯಿದೆಯೆಂದೂ ತಮ್ಮ ಹಿರಿಯರ ನಡೆಯೆಲ್ಲ ಹಳ್ಳಿಗಾಡಿನದೆಂದೂ ಬಗೆದ ಸಿರಿವಂತರು ನಗರದಲ್ಲಿದ್ದರು. ಮುಂದೆ ಬಂದ ವಿಪತ್ತಿಗೆ ಅರಸನೊಬ್ಬನೇ ಕಾರಣನಲ್ಲ. ಮನೆಯೊಳಗಿನ ಬಿರುಕೂ ಕಾರಣವಾಯಿತು ಎಂಬುದನ್ನು ನಾವು ಮರೆಯಬಾರದು.

ಕ್ರಿ. ಪೂ. ೧೬೯ರಲ್ಲಿ ಆಂಟಿಯೋಕಸನು ದೇವಾಲಯವನ್ನು ಕೊಳ್ಳೆ ಹೊಡೆದು ಚಿನ್ನದ ದೀಪಸ್ತಂಭವನ್ನೇ ಹೊತ್ತುಕೊಂಡು ಹೋದನು. ಮರುವರ್ಷ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ರೋಮಿನ ರಾಯಭಾರಿಯು ಅವನನ್ನು ತಡೆದು, ಮಾನಗೆಡಿಸಿ ಹಿಂದಿರುಗಿಸಿದನು. ಇತ್ತ ಯೂದಾಯದಲ್ಲಿ ಗಲಭೆಯೆದ್ದಿತ್ತು. ಕೋಪಗೊಂಡ ಅರಸನ ದಂಡು ಜೆರೂಸಲೇಮನ್ನು ಸುಟ್ಟು, ದೇವಾಲಯದ ಹತ್ತಿರವೇ ಆಕ್ರ ಎಂಬ ಕೋಟೆಯನ್ನು ಕಟ್ಟಿ ಅಲ್ಲಿ ಕಾವಲು ನಿಂತಿತು. ಕ್ರಿ. ಪೂ. ೧೬೭ರಲ್ಲಿ ಕಠಿಣವಾದ ರಾಜಾಜ್ಞೆಯು ಹೊರಟಿತು. ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನವನ್ನು ಆಚರಿಸಕೂಡದು, ಮಕ್ಕಳಿಗೆ ಸುನ್ನತಿಯನ್ನು ಮಾಡಿಸಕೂಡದು, ಧರ್ಮಶಾಸ್ತ್ರದ ಸುರುಳಿಗಳನ್ನು ಇಟ್ಟುಕೊಳ್ಳಕೂಡದು, ಮೀರಿದವರಿಗೆ ಮರಣದಂಡನೆ. ಕಿಸ್ಲೇವ್ ಮಾಸದ ಇಪ್ಪತ್ತೈದನೆಯ ದಿನ ದೇವಾಲಯದ ಬಲಿಪೀಠದ ಮೇಲೆ ಪರದೇವತೆಗೆ ಬಲಿಯನ್ನು ಅರ್ಪಿಸಿದರು. ಸುರುಳಿಗಳನ್ನು ಹರಿದು ಬೆಂಕಿಗೆ ಹಾಕಿದರು. ಒಂದು ಜನಾಂಗವು ತನ್ನ ನೆನಪನ್ನು ಕಳೆದುಕೊಳ್ಳಲೆಂದು ಅರಸನೊಬ್ಬನು ಆಜ್ಞೆ ಮಾಡಿದ ಸಂದರ್ಭಗಳಲ್ಲಿ ಚರಿತ್ರೆಯು ಬಲ್ಲ ಮೊದಮೊದಲಿನವುಗಳಲ್ಲಿ ಇದೊಂದು.

ಜೆರೂಸಲೇಮಿನ ವಾಯವ್ಯಕ್ಕೆ ಮೋದಿನ್ ಎಂಬ ಹಳ್ಳಿಯಿದ್ದಿತು. ಯಾಜಕರ ಮನೆತನದ ಮತ್ತತೀಯನೆಂಬ ವೃದ್ಧನು ಅಲ್ಲಿ ವಾಸವಾಗಿದ್ದನು. ಅವನಿಗೆ ಯೋಹಾನ, ಸೀಮೋನ, ಯೂದ, ಎಲಿಯಾಜರ, ಯೋನಾತಾನ ಎಂಬ ಐವರು ಮಕ್ಕಳು. ಹಳ್ಳಿಹಳ್ಳಿಗೂ ಹೋಗಿ ಪರದೇವತೆಗೆ ಬಲಿಯನ್ನು ಕೊಡಿಸುತ್ತಿದ್ದ ರಾಜಾಧಿಕಾರಿಯು ಒಂದು ದಿನ ಮೋದಿನ್‌ಗೂ ಬಂದನು. ಊರ ಹಿರಿಯನಾದ ಮತ್ತತೀಯನೇ ಮೊದಲು ಬಲಿಯನ್ನು ಅರ್ಪಿಸಿದರೆ ಉಳಿದವರು ತಾವಾಗಿ ಹಿಂಬಾಲಿಸುವರೆಂದು ಎಣಿಸಿ ಅವನಿಗೆ ಹೊನ್ನಿನ ಆಸೆಯನ್ನೂ ಅರಸನ ಸ್ನೇಹದ ಆಸೆಯನ್ನೂ ತೋರಿಸಿದನು. ವೃದ್ಧನು ಒಪ್ಪಲಿಲ್ಲ. ಅಷ್ಟರಲ್ಲಿ ಊರವನೇ ಆದ ಒಬ್ಬನು ಬಲಿ ಕೊಡಲೆಂದು ಮುಂದೆ ಬಂದನು. ಮತ್ತತೀಯನು ಕೋಪವನ್ನು ತಾಳಲಾರದೆ ಅವನನ್ನೂ ಅಧಿಕಾರಿಯನ್ನೂ ಅಲ್ಲಿಯೇ ಕೊಂದು, ಬಲಿಪೀಠವನ್ನು ಕೆಡವಿ, ಮಕ್ಕಳೊಡನೆ ಮನೆಮಾರನ್ನು ಬಿಟ್ಟು ಬೆಟ್ಟಗಳಿಗೆ ಹೊರಟುಹೋದನು.

ಅನೇಕರು ಹೀಗೆಯೇ ಊರುಗಳನ್ನು ತೊರೆದು ಅಡವಿಯನ್ನು ಸೇರಿದರು. ಅವರಲ್ಲಿ ಒಂದು ಗುಂಪಿನವರು ಗವಿಗಳಲ್ಲಿ ಅಡಗಿದ್ದರು. ದಂಡಿನವರು ಸಬ್ಬತ್ ದಿನವನ್ನೇ ನೋಡಿಕೊಂಡು ಅವರ ಮೇಲೆ ಬಿದ್ದರು. ಆ ದಿನ ಆಯುಧವನ್ನು ಹಿಡಿಯುವುದು ಧರ್ಮಕ್ಕೆ ಸಲ್ಲದೆಂದು ನಂಬಿದ್ದ ಆ ಸಾಧುಗಳು ಒಂದು ಕಲ್ಲನ್ನೂ ಎಸೆಯಲಿಲ್ಲ. ಗವಿಯ ಬಾಯನ್ನೂ ಮುಚ್ಚಿಕೊಳ್ಳಲಿಲ್ಲ. ಗಂಡಸರು ಹೆಂಗಸರು ಮಕ್ಕಳೆನ್ನದೆ ಸುಮಾರು ಸಾವಿರ ಮಂದಿ ಮಡಿದರು. ಈ ಸುದ್ದಿಯನ್ನು ಕೇಳಿ ಮತ್ತತೀಯನೂ ಅವನ ಸಂಗಡಿಗರೂ ಬಹಳವಾಗಿ ಮರುಗಿ, ಆಲೋಚನೆ ಮಾಡಿದರು. ಸಬ್ಬತ್ ದಿನವೂ ಮೇಲೆ ಬಿದ್ದವರನ್ನು ಎದುರಿಸಿ ಪ್ರಾಣವನ್ನು ಉಳಿಸಿಕೊಳ್ಳಬಹುದೆಂದು ನಿರ್ಧರಿಸಿದರು. ಎಲ್ಲರೂ ಸತ್ತುಹೋದರೆ ಕಟ್ಟಳೆಯನ್ನು ನಡೆಸುವವರು ಯಾರು? ಧರ್ಮವನ್ನು ಉಳಿಸಲು ಧರ್ಮದ ನಿಯಮವೊಂದನ್ನು ಅವರು ಸಡಿಲಿಸಬೇಕಾಯಿತು. ಹಳೆಯದನ್ನು ಕಾಪಾಡುವವರಿಗೂ ಹೊಸದಾಗಿ ಆಲೋಚಿಸುವ ಧೈರ್ಯವು ಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನವಾಗಿದೆ.

ಮುಪ್ಪಿನವನಾದ ಮತ್ತತೀಯನು ಆ ಶ್ರಮವನ್ನು ಹೆಚ್ಚು ಕಾಲ ತಾಳಲಿಲ್ಲ. ಕ್ರಿ. ಪೂ. ೧೬೬ರ ಸುಮಾರಿಗೆ ಅವನು ಮರಣ ಹೊಂದಿದನು. ಸಾಯುವ ಮುನ್ನ, ಆಲೋಚನೆಗೆ ಸೀಮೋನನನ್ನೂ ಯುದ್ಧಕ್ಕೆ ಯೂದನನ್ನೂ ಮುಂದಾಳುಗಳಾಗಿ ಇಟ್ಟುಕೊಳ್ಳಬೇಕೆಂದು ಮಕ್ಕಳಿಗೆ ತಿಳಿಸಿದನು. ಯೂದನಿಗೆ ಮಕ್ಕಬಿ ಎಂಬ ಅಡ್ಡಹೆಸರಿದ್ದಿತು. ಸುತ್ತಿಗೆ ಎಂಬ ಅರ್ಥದ ಮಾತಿನಿಂದ ಅದು ಬಂದಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅವನ ಕಡೆಯವರಿಗೆಲ್ಲ ಮುಂದೆ ಆ ಹೆಸರೇ ಸಂದು ಮಕ್ಕಬಿಯರೆಂದು ಪ್ರಸಿದ್ಧರಾದರು.

ಯೂದನ ಬಳಿ ದಂಡೂ ಇರಲಿಲ್ಲ, ಬೊಕ್ಕಸವೂ ಇರಲಿಲ್ಲ. ಹೊಲವನ್ನು ಉಳುತ್ತಿದ್ದವರು, ಕುರಿ ಕಾಯುತ್ತಿದ್ದವರು ಅವನ ಸೈನಿಕರು. ಆದರೆ ಬೆಟ್ಟದ ಒಂದೊಂದು ಕಣಿವೆಯೂ ಕಾಲುದಾರಿಯೂ ಅವರಿಗೆ ಗೊತ್ತಿದ್ದಿತು. ಮೊದಲು ಬಂದ ಅಪೊಲೋನಿಯಸನೆಂಬ ಸೇನಾನಿಯನ್ನು ಯೂದನು ಸೋಲಿಸಿ ಕೊಂದು ಅವನ ಖಡ್ಗವನ್ನು ತೆಗೆದುಕೊಂಡನು. ತನ್ನ ಬಾಳಿನ ಕೊನೆಯವರೆಗೂ ಆ ಖಡ್ಗವನ್ನೇ ಹಿಡಿದು ಹೋರಾಡಿದನು. ಅನಂತರ ಸೇರೋನನೆಂಬವನು ದೊಡ್ಡ ದಂಡಿನೊಡನೆ ಬೇತ್‌ಹೋರೋನಿನ ಇಕ್ಕಟ್ಟಾದ ಏರುದಾರಿಯಲ್ಲಿ ಬಂದನು. ಯೂದನ ಕಡೆಯವರು ಕೆಲವರೇ. ಅವರೂ ಆ ದಿನ ಉಪವಾಸ. ಜಯವು ದಂಡಿನ ಸಂಖ್ಯೆಯಲ್ಲಿಲ್ಲ, ದೇವರ ಬಲದಲ್ಲಿದೆ ಎಂದು ಹೇಳಿ ಅವನು ಅವರಿಗೆ ಧೈರ್ಯ ತುಂಬಿ, ಇಳಿಜಾರಿನಲ್ಲಿ ಹಠಾತ್ತಾಗಿ ಬಿದ್ದು ವೈರಿಗಳನ್ನು ಬಯಲಿಗೆ ಅಟ್ಟಿದನು.

ಇವೆಲ್ಲಕ್ಕಿಂತ ಎಮ್ಮಾವಿನ ಯುದ್ಧವು ಅವನ ಜಾಣ್ಮೆಯನ್ನು ಚೆನ್ನಾಗಿ ತೋರಿಸುತ್ತದೆ. ಸಿರಿಯದವರ ಮಹಾಸೈನ್ಯವು ಎಮ್ಮಾವಿನ ಬಯಲಿನಲ್ಲಿ ಬಿಡಾರ ಮಾಡಿದ್ದಿತು. ಅದು ಗೆಲ್ಲುವುದು ಖಂಡಿತವೆಂದು ನಂಬಿದ ಗುಲಾಮರ ವ್ಯಾಪಾರಿಗಳು ಯೆಹೂದ್ಯರನ್ನು ಕೊಂಡುಕೊಳ್ಳಲೆಂದು ಹಣವನ್ನೂ ಸಂಕೋಲೆಗಳನ್ನೂ ಹೊತ್ತು ಆ ಬಿಡಾರದಲ್ಲಿ ಕಾದಿದ್ದರು. ಯೂದನು ಶಾಸ್ತ್ರವಿಧಿಯಂತೆ, ಹೊಸದಾಗಿ ಮನೆ ಕಟ್ಟಿದವರನ್ನೂ ಮದುವೆ ನಿಶ್ಚಯವಾದವರನ್ನೂ ದ್ರಾಕ್ಷಿಯ ತೋಟ ಹಾಕಿದವರನ್ನೂ ಅಂಜುವವರನ್ನೂ ಮನೆಗೆ ಕಳುಹಿಸಿಬಿಟ್ಟನು. ಉಳಿದವರು ಮೂರು ಸಾವಿರ ಮಂದಿ. ಗೋರ್ಗಿಯಸನೆಂಬ ಸೇನಾನಿಯು ಐದು ಸಾವಿರ ಕಾಲಾಳುಗಳೊಡನೆಯೂ ಸಾವಿರ ಕುದುರೆಯವರೊಡನೆಯೂ ರಾತ್ರಿ ಯೂದನ ಪಾಳೆಯದ ಮೇಲೆ ಬೀಳಲು ಹೊರಟನು. ಸುದ್ದಿ ತಿಳಿದ ಯೂದನು ಪಾಳೆಯವನ್ನು ಬರಿದು ಮಾಡಿ ಬೇರೆ ದಾರಿಯಲ್ಲಿ ಇರುಳೆಲ್ಲ ನಡೆದು, ಬೆಳಗಾಗುವಷ್ಟರಲ್ಲಿ ಎಮ್ಮಾವಿನ ಮುಖ್ಯ ಬಿಡಾರವನ್ನೇ ಮುತ್ತಿದನು. ಬರಿದಾದ ಪಾಳೆಯವನ್ನು ಕಂಡು ಬೆಟ್ಟಗಳಲ್ಲಿ ಹುಡುಕಾಡುತ್ತಿದ್ದ ಗೋರ್ಗಿಯಸನ ಜನರು ತಮ್ಮ ಬಿಡಾರದಿಂದ ಏಳುತ್ತಿದ್ದ ಹೊಗೆಯನ್ನು ದೂರದಿಂದಲೇ ನೋಡಿ ಓಡಿಹೋದರು. ಅಷ್ಟರವರೆಗೂ ಕೊಳ್ಳೆಗೆ ಕೈಹಾಕಕೂಡದೆಂಬ ಯೂದನ ಅಪ್ಪಣೆಯನ್ನು ಹಸಿದ ಆ ಸೈನಿಕರು ಒಬ್ಬರೂ ಮೀರಲಿಲ್ಲ.

ಮುಂದೆ ಅರಸನ ಪ್ರತಿನಿಧಿಯಾದ ಲೂಸಿಯಸನು ತಾನೇ ದಂಡೆತ್ತಿ ಬಂದು ಬೇತ್‌ಸೂರಿನಲ್ಲಿ ಕಾದಿ ಹಿಂದಿರುಗಿದನು. ಯೂದನಿಗೆ ಜೆರೂಸಲೇಮಿನ ದಾರಿಯು ತೆರೆಯಿತು. ಅದು ಕ್ರಿ. ಪೂ. ೧೬೪ನೆಯ ವರ್ಷದ ಚಳಿಗಾಲ.

ಆಗ ಅವನಿಗೆ ಮಾಡಬೇಕಾದ ಕಾರ್ಯಗಳು ಅನೇಕವಿದ್ದವು. ಯುದ್ಧವು ಮುಗಿದಿರಲಿಲ್ಲ. ಆಕ್ರ ಕೋಟೆಯಲ್ಲಿ ವೈರಿಗಳ ಪಡೆಯು ಇನ್ನೂ ಇದ್ದಿತು. ಗೆದ್ದ ಸೇನಾಪತಿಗಳು ಸಾಮಾನ್ಯವಾಗಿ ಮಾಡುವಂತೆ ಅವನು ಸಿಂಹಾಸನವನ್ನು ಏರಲಿಲ್ಲ, ವಿಜಯದ ಮೆರವಣಿಗೆಯನ್ನು ಮಾಡಿಸಲಿಲ್ಲ. ಮೊದಲು ದೇವಾಲಯವನ್ನು ಗುಡಿಸೋಣವೆಂದು ತನ್ನ ಜನರನ್ನು ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋದನು. ಅಲ್ಲಿ ಬಾಗಿಲುಗಳು ಸುಟ್ಟಿದ್ದವು. ಯಾಜಕರ ಕೊಠಡಿಗಳು ಕುಸಿದಿದ್ದವು. ಅಂಗಳದಲ್ಲಿ ಕಾಡಿನಲ್ಲಿ ಬೆಳೆಯುವಂತೆ ಗಿಡಗಂಟಿಗಳು ಬೆಳೆದಿದ್ದವು. ಕಾದಾಟದಲ್ಲಿ ಕಣ್ಣೀರು ಹಾಕದ ಆ ಗಂಡಸರು ಬಟ್ಟೆಗಳನ್ನು ಹರಿದುಕೊಂಡು, ತಲೆಯ ಮೇಲೆ ಬೂದಿಯನ್ನು ಸುರಿದುಕೊಂಡು ನೆಲಕ್ಕೆ ಬಿದ್ದು ಅತ್ತರು.

ಯೂದನು ಕೆಲವರನ್ನು ಆಕ್ರ ಕೋಟೆಯ ಎದುರಿಗೆ ಕಾವಲು ನಿಲ್ಲಿಸಿ, ನಿರ್ದೋಷಿಗಳಾದ ಯಾಜಕರಿಂದ ಶುದ್ಧಿಯ ಕಾರ್ಯವನ್ನು ಮಾಡಿಸಿದನು. ಮೈಲಿಗೆಯಾದ ಬಲಿಪೀಠವನ್ನು ಕೆಡವಿದರು. ಆದರೆ ಅದರ ಕಲ್ಲುಗಳನ್ನು ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಒಂದು ಕಾಲಕ್ಕೆ ಪವಿತ್ರವಾಗಿದ್ದವಲ್ಲವೆ? ಮುಂದೆ ಪ್ರವಾದಿಯೊಬ್ಬನು ಬಂದು ಏನು ಮಾಡಬೇಕೆಂದು ಹೇಳುವ ತನಕ ಇರಲೆಂದು ಅವುಗಳನ್ನು ಬೆಟ್ಟದ ಮೇಲೆ ಒಂದು ಕಡೆ ಜೋಪಾನವಾಗಿ ಇಟ್ಟರು. ಉಳಿ ತಾಗದ ಕಲ್ಲುಗಳಿಂದ ಹೊಸ ಬಲಿಪೀಠವನ್ನು ಕಟ್ಟಿದರು. ದೀಪಸ್ತಂಭವನ್ನು ಅರಸನು ಒಯ್ದಿದ್ದನಷ್ಟೆ. ಹೊಸದನ್ನು ಮಾಡಲು ಚಿನ್ನವಿರಲಿಲ್ಲ. ಕಬ್ಬಿಣದ ಸರಳುಗಳಿಗೆ ತವರವನ್ನು ಲೇಪಿಸಿ ದೀಪಸ್ತಂಭವನ್ನು ಮಾಡಿದರೆಂದೂ, ಕೈಕೂಡಿದ ಮೇಲೆ ಬೆಳ್ಳಿಯದನ್ನೂ ಬಳಿಕ ಚಿನ್ನದ್ದನ್ನೂ ಮಾಡಿದರೆಂದೂ ಯೆಹೂದ್ಯರ ಪರಂಪರೆಯಲ್ಲಿ ಹೇಳುತ್ತಾರೆ. ಕಿಸ್ಲೇವ್ ಮಾಸದ ಇಪ್ಪತ್ತೈದನೆಯ ದಿನ, ಅಂದರೆ ದೇವಾಲಯವು ಮೈಲಿಗೆಯಾಗಿ ಸರಿಯಾಗಿ ಮೂರು ವರ್ಷ ಕಳೆದ ದಿನ, ಮುಂಜಾನೆಯಲ್ಲಿ ಎದ್ದು ಹೊಸ ಪೀಠದ ಮೇಲೆ ಬಲಿಯನ್ನು ಅರ್ಪಿಸಿದರು. ದೀಪಗಳು ಮತ್ತೆ ಬೆಳಗಿದವು. ಎಂಟು ದಿನಗಳ ಉತ್ಸವವು ನಡೆಯಿತು. ವರ್ಷವರ್ಷವೂ ಹೀಗೆಯೇ ನಡೆಯಬೇಕೆಂದು ಯೂದನೂ ಅವನ ಸೋದರರೂ ಸಮಸ್ತ ಜನರೂ ನಿಶ್ಚಯಿಸಿದರು. ಇದೇ ಹನುಕ್ಕಾ ಹಬ್ಬದ ಹುಟ್ಟು.

ಎಂಟೇ ದಿನಗಳೇಕೆ? ಇದಕ್ಕೆ ಎರಡು ಉತ್ತರಗಳುಂಟು. ಮಕ್ಕಬಿಯರ ಎರಡನೆಯ ಗ್ರಂಥದ ಪ್ರಕಾರ, ಆ ವರ್ಷ ಶರತ್ಕಾಲದಲ್ಲಿ ಎಂಟು ದಿನ ನಡೆಯಬೇಕಾಗಿದ್ದ ಪರ್ಣಶಾಲೆಗಳ ಹಬ್ಬವನ್ನು ಅವರು ಬೆಟ್ಟಗಳಲ್ಲಿ ಅಲೆಯುತ್ತಿದ್ದುದರಿಂದ ಸರಿಯಾಗಿ ಆಚರಿಸಲಾಗಿರಲಿಲ್ಲ. ಅದರ ಮಾದರಿಯಲ್ಲಿ ಈ ಉತ್ಸವವನ್ನು ನಡೆಸಿದರು. ಇನ್ನೊಂದು ಉತ್ತರವು ಹಲವು ಶತಮಾನಗಳ ಅನಂತರ ಸಂಗ್ರಹವಾದ ತಾಲ್ಮೂದ್ ಎಂಬ ಗ್ರಂಥದಲ್ಲಿದೆ. ದೇವಾಲಯದ ಎಣ್ಣೆಯನ್ನೆಲ್ಲ ವೈರಿಗಳು ಕೆಡಿಸಿದ್ದರಂತೆ. ಹುಡುಕಿದಾಗ ಮಹಾಯಾಜಕನ ಮುದ್ರೆಯಿದ್ದ ಒಂದೇ ಒಂದು ಪುಟ್ಟ ಕುಡಿಕೆಯು ದೊರೆಯಿತು. ಅದರಲ್ಲಿದ್ದ ಎಣ್ಣೆಯು ಒಂದು ದಿನಕ್ಕೆ ಮಾತ್ರ ಸಾಲುವಂತಿದ್ದಿತು. ಆದರೂ ದೀಪವು ಎಂಟು ದಿನ ಉರಿಯಿತು. ಅಷ್ಟರಲ್ಲಿ ಹೊಸ ಎಣ್ಣೆಯು ಸಿದ್ಧವಾಯಿತು. ಮಕ್ಕಬಿಯರ ಗ್ರಂಥಗಳಲ್ಲಿ ಈ ಪವಾಡದ ಮಾತಿಲ್ಲ. ಮೊದಲನೆಯ ಶತಮಾನದ ಇತಿಹಾಸಕಾರ ಜೋಸೀಫಸನೂ ಈ ಹಬ್ಬಕ್ಕೆ ಬೆಳಕುಗಳೆಂದು ಹೆಸರಿದೆಯೆಂದು ತಿಳಿಸುತ್ತಾನೆಯೇ ಹೊರತು ಎಣ್ಣೆಯ ಕಥೆಯನ್ನು ಹೇಳುವುದಿಲ್ಲ. ಆದರೆ ಜನರ ಹೃದಯದಲ್ಲಿ ನಿಂತದ್ದು ಆ ಕುಡಿಕೆಯ ಕಥೆಯೇ. ಒಂದು ದಿನಕ್ಕೆ ಸಾಲುವಷ್ಟೇ ಇದ್ದರೂ ಅದನ್ನು ಹಚ್ಚಿದರಲ್ಲ, ನಾಳೆಗೆ ಇಲ್ಲವೆಂದು ಇಂದು ಕತ್ತಲೆಯಲ್ಲಿ ಕೂಡಲಿಲ್ಲವಲ್ಲ, ಅದೇ ಆ ಕಥೆಯ ಸಾರವೆಂದು ನಮಗೆ ತೋರುತ್ತದೆ.

ಹಬ್ಬದ ಆಚರಣೆಯು ಸರಳವಾದುದು. ಮೊದಲ ರಾತ್ರಿ ಒಂದು ದೀಪ, ಎರಡನೆಯ ರಾತ್ರಿ ಎರಡು, ಹೀಗೆ ಎಂಟನೆಯ ರಾತ್ರಿ ಎಂಟು. ಎಂಟರಿಂದ ಮೊದಲುಮಾಡಿ ಇಳಿಸುತ್ತ ಬರಬೇಕೆಂದು ಶಮ್ಮಾಯ್ ಎಂಬ ಆಚಾರ್ಯನ ಪಂಥದವರೂ, ಒಂದರಿಂದ ಏರಿಸುತ್ತ ಹೋಗಬೇಕೆಂದು ಹಿಲ್ಲೇಲ್ ಎಂಬ ಆಚಾರ್ಯನ ಪಂಥದವರೂ ವಾದಿಸಿದರು. ಪುಣ್ಯಕಾರ್ಯದಲ್ಲಿ ಏರಬೇಕೇ ಹೊರತು ಇಳಿಯಬಾರದೆಂಬ ಹಿಲ್ಲೇಲನ ಕಡೆಯವರ ಮಾತೇ ಗೆದ್ದಿತು. ಈ ದೀಪಗಳ ಬೆಳಕಿನಲ್ಲಿ ಓದುವುದಾಗಲಿ ಬೇರೆ ಕೆಲಸ ಮಾಡುವುದಾಗಲಿ ಸಲ್ಲದು. ಅವು ನೋಡುವುದಕ್ಕೆ ಮಾತ್ರ. ಅದಕ್ಕಾಗಿಯೇ ಸೇವಕನೆಂಬ ಹೆಸರಿನ ಒಂಬತ್ತನೆಯ ದೀಪವನ್ನು ಬೇರೆಯಾಗಿ ಇಡುವರು. ಅದರಿಂದಲೇ ಉಳಿದವುಗಳನ್ನು ಹೊತ್ತಿಸುವರು. ದೀಪಗಳನ್ನು ಒಳಮನೆಯಲ್ಲಿ ಅಡಗಿಸದೆ ಬೀದಿಯವರಿಗೆ ಕಾಣುವಂತೆ ಬಾಗಿಲಲ್ಲಿ ಅಥವಾ ಕಿಟಕಿಯಲ್ಲಿ ಇಡುವುದು ವಿಧಿ. ಎಣ್ಣೆಯ ನೆನಪಿಗಾಗಿ ಕರಿದ ತಿಂಡಿಗಳನ್ನು ಮಾಡುವರು, ಮಕ್ಕಳು ಬುಗುರಿಯಾಡುವರು. ಯೆಹೂದ್ಯರ ಪಂಚಾಂಗವೂ ನಮ್ಮದರಂತೆ ಚಾಂದ್ರಮಾಸಗಳದು, ಅವರಿಗೂ ಅಧಿಕಮಾಸವುಂಟು. ಆದುದರಿಂದ ಹನುಕ್ಕಾ ಹಬ್ಬವು ನಮ್ಮ ಕಾರ್ತಿಕದ ಅಥವಾ ಮಾರ್ಗಶಿರದ ಅಮಾವಾಸ್ಯೆಯ ಆಚೀಚೆ, ಚಂದ್ರನಿಲ್ಲದ ಇರುಳುಗಳಲ್ಲಿ ಬರುತ್ತದೆ.

ಯೂದನ ಬಾಳಿನ ಉಳಿದ ನಾಲ್ಕು ವರ್ಷಗಳು ಯುದ್ಧದಲ್ಲಿಯೇ ಕಳೆದವು. ಸುತ್ತಲಿನ ನಾಡುಗಳಲ್ಲಿದ್ದ ತನ್ನ ಜನರನ್ನು ಬಿಡಿಸಿ ತರಲು ಅವನು ದಂಡೆತ್ತಿ ಹೋದನು. ಆ ದಂಡಯಾತ್ರೆಗಳಲ್ಲಿ ಊರುಗಳನ್ನು ಸುಟ್ಟದ್ದೂ ಗಂಡಸರನ್ನೆಲ್ಲ ಕೊಂದದ್ದೂ ಉಂಟು. ಅವನನ್ನು ಹೊಗಳುವ ಗ್ರಂಥವೇ ಅದನ್ನು ಹೇಳುವುದರಿಂದ ನಾವು ಮರೆಮಾಚಬೇಕಾಗಿಲ್ಲ. ಕ್ರಿ. ಪೂ. ೧೬೨ರಲ್ಲಿ ಲೂಸಿಯಸನು ಬಾಲಕನಾದ ಹೊಸ ಅರಸನೊಡನೆ ಆನೆಗಳ ಪಡೆಯನ್ನು ತಂದನು. ಒಂದೊಂದು ಆನೆಯ ಮೇಲೂ ಮರದ ಗೋಪುರವಿದ್ದು ಅದನ್ನು ನಡೆಸಲು ಒಬ್ಬೊಬ್ಬ ಭಾರತೀಯ ಮಾವುತನಿದ್ದನೆಂದು ಆ ಗ್ರಂಥದಲ್ಲಿ ಹೇಳಿದೆ. ಅಷ್ಟು ದೂರದ ಯುದ್ಧಭೂಮಿಯಲ್ಲಿ ನಮ್ಮ ದೇಶದವನ ಉಲ್ಲೇಖವನ್ನು ಕಂಡು ನಮಗೆ ಅಚ್ಚರಿಯಾಗದಿರದು. ಯೂದನ ತಮ್ಮನಾದ ಎಲಿಯಾಜರನು, ಹೆಚ್ಚು ಅಲಂಕಾರವಿದ್ದ ಆನೆಯೇ ಅರಸನದೆಂದು ಭಾವಿಸಿ, ಅದರ ಅಡಿಗೆ ನುಗ್ಗಿ ಹೊಟ್ಟೆಯನ್ನು ಇರಿದನು. ಆನೆಯು ಅವನ ಮೇಲೆಯೇ ಬಿದ್ದು ಅವನೂ ಮಡಿದನು. ಯೂದನು ಹಿಮ್ಮೆಟ್ಟಬೇಕಾಯಿತು. ಅದು ಏಳು ವರ್ಷಕ್ಕೊಮ್ಮೆ ಹೊಲಗಳನ್ನು ಬೀಳುಬಿಡುವ ವರ್ಷವಾದುದರಿಂದ ಮುತ್ತಿಗೆಗೆ ಸಿಲುಕಿದ ಜೆರೂಸಲೇಮಿನಲ್ಲಿ ಆಹಾರವೂ ಇರಲಿಲ್ಲ. ಇನ್ನೇನು ಎಲ್ಲವೂ ಮುಗಿಯಿತೆನ್ನುವಾಗ ಸಿರಿಯದಲ್ಲಿ ಅಂತಃಕಲಹವು ಎದ್ದಿತು. ಲೂಸಿಯಸನು ಅವಸರದಿಂದ ಸಂಧಿ ಮಾಡಿಕೊಂಡು, ಯೆಹೂದ್ಯರು ತಮ್ಮ ಕಟ್ಟಳೆಯಂತೆ ಬಾಳಬಹುದೆಂದು ಒಪ್ಪಿ ಹಿಂದಿರುಗಿದನು. ರಾಜಾಜ್ಞೆಯು ಹೀಗೆ ರದ್ದಾಯಿತು.

ಮತ್ತೆ ಅರಸರು ಬದಲಾದರು. ಮತ್ತೆ ದಂಡುಗಳು ಬಂದವು. ದೇವಾಲಯವನ್ನು ಸುಡುವೆನೆಂದು ಬೆದರಿಸಿದ ನಿಕಾನೋರನನ್ನು ಕ್ರಿ. ಪೂ. ೧೬೧ರಲ್ಲಿ ಅದಾರ್ ಮಾಸದ ಹದಿಮೂರನೆಯ ದಿನ ಯೂದನು ಅದಾಸದಲ್ಲಿ ಸೋಲಿಸಿದನು. ನಿಕಾನೋರನು ಮಡಿದನು. ಆ ಜಯದ ದಿನವನ್ನೂ ಹಬ್ಬವನ್ನಾಗಿ ಸಾರಿದರು. ಅದೇ ವರ್ಷ ಯೂದನು ರೋಮಿನೊಡನೆ ಸ್ನೇಹವನ್ನು ಬೆಳೆಸಲು ಇಬ್ಬರು ರಾಯಭಾರಿಗಳನ್ನು ಕಳುಹಿಸಿದನು. ಅವರ ಹೆಸರುಗಳು ಯುಪೊಲೆಮಸ್ ಮತ್ತು ಜೇಸನ್. ಎರಡೂ ಗ್ರೀಕ್ ಹೆಸರುಗಳೇ. ಯೂದನಿಗೆ ಗ್ರೀಕರ ಮಾತಿನ ಮೇಲಾಗಲಿ ಅದನ್ನು ಕಲಿತವರ ಮೇಲಾಗಲಿ ಹಗೆಯಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ತನ್ನದನ್ನು ಬಿಡೆಂದು ಬಲಾತ್ಕರಿಸಿದಾಗ ಮಾತ್ರ ಅವನು ಕತ್ತಿಯನ್ನು ಹಿಡಿದನು.

ರೋಮಿನ ನೆರವು ಬರುವ ಮುನ್ನವೇ ಕ್ರಿ. ಪೂ. ೧೬೦ರಲ್ಲಿ ಬಕ್ಕಿದೇಸನೆಂಬ ಸೇನಾನಿಯು ಇಪ್ಪತ್ತು ಸಾವಿರ ಕಾಲಾಳುಗಳೊಡನೆ ಬಂದನು. ಎಲಾಸದಲ್ಲಿ ಯೂದನ ಬಳಿ ಇದ್ದವರು ಮೂರು ಸಾವಿರ. ವೈರಿಗಳ ಸಂಖ್ಯೆಯನ್ನು ಕಂಡು ಅವರಲ್ಲಿಯೂ ಬಹುಮಂದಿ ಜಾರಿಹೋಗಿ ಎಂಟುನೂರು ಮಂದಿ ಉಳಿದರು. ಹಿಂದಕ್ಕೆ ಹೋಗಿ ಜನರನ್ನು ಕೂಡಿಸಿಕೊಂಡು ಬರೋಣವೆಂದು ಅವರೂ ಬೇಡಿಕೊಂಡರು. ಯೂದನು ಒಪ್ಪಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಾದಾಟವಾಯಿತು. ಅವನು ವೈರಿಗಳ ಬಲಪಕ್ಕದ ಪಡೆಯನ್ನು ಮುರಿದು ಅಟ್ಟಿಕೊಂಡು ಹೋಗುತ್ತಿರಲು ಎಡಪಕ್ಕದವರು ಹಿಂದಿನಿಂದ ಮುತ್ತಿದರು. ಯೂದನು ಅಲ್ಲಿ ಬಿದ್ದನು. ಸೋದರರಾದ ಯೋನಾತಾನನೂ ಸೀಮೋನನೂ ಅವನ ದೇಹವನ್ನು ತಂದು ಮೋದಿನ್‌ನಲ್ಲಿ ತಂದೆಯ ಸಮಾಧಿಯ ಬಳಿ ಇಟ್ಟರು. ಜನರು ಬಹುದಿನಗಳ ಕಾಲ ದುಃಖಿಸಿದರು.

ಯೂದನು ಸ್ವಾತಂತ್ರ್ಯವನ್ನು ಕಾಣಲಿಲ್ಲ. ಅವನು ಸತ್ತ ಸುಮಾರು ಹದಿನೆಂಟು ವರ್ಷಗಳ ಮೇಲೆ ಸೀಮೋನನ ಕಾಲದಲ್ಲಿ ಯೂದಾಯವು ಸ್ವತಂತ್ರವಾಯಿತು. ಆಕ್ರ ಕೋಟೆಯು ಕ್ರಿ. ಪೂ. ೧೪೧ರಲ್ಲಿ ಕೈಸೇರಿತು. ಆ ಮನೆತನದವರು ಮಹಾಯಾಜಕರೂ ಆದರು, ಅರಸರೂ ಆದರು. ವಿಷಾದದ ಸಂಗತಿಯೆಂದರೆ, ಪರರ ಬಲಾತ್ಕಾರವನ್ನು ಎದುರಿಸಿ ಬಂದ ಆ ವಂಶದಲ್ಲಿಯೇ ಹುಟ್ಟಿದ ಯೋಹಾನ ಹಿರ್ಕಾನಸನು, ತಾನು ಗೆದ್ದ ಇದುಮಾಯದ ಜನರನ್ನು ಬಲಾತ್ಕಾರದಿಂದ ತನ್ನ ಮತಕ್ಕೆ ಸೇರಿಸಿದನು. ಕ್ರಿ. ಪೂ. ೬೩ರಲ್ಲಿ ರೋಮನರು ಬಂದರು. ಆ ಸ್ವಾತಂತ್ರ್ಯವು ಮುಗಿಯಿತು. ಕ್ರಿ. ಶ. ೭೦ರಲ್ಲಿ ದೇವಾಲಯವೂ ರೋಮನರ ಬೆಂಕಿಗೆ ಆಹುತಿಯಾಯಿತು.

ಹೀಗೆ ಯೂದನು ಕತ್ತಿಯಿಂದ ಗಳಿಸಿದುದೆಲ್ಲವೂ ಹೋಯಿತು. ನಿಕಾನೋರನನ್ನು ಗೆದ್ದ ದಿನದ ಹಬ್ಬವನ್ನು ಇಂದು ಯಾರೂ ಆಚರಿಸುವುದಿಲ್ಲ; ಅದಾರ್ ಮಾಸದ ಹದಿಮೂರನೆಯ ದಿನವು ಈಗ ಬೇರೊಂದು ಕಾರಣಕ್ಕಾಗಿ ಉಪವಾಸದ ದಿನವಾಗಿದೆ. ಯೂದನ ಕಥೆಯನ್ನು ಹೇಳುವ ಗ್ರಂಥಗಳಿಗೆ ಯೆಹೂದ್ಯರ ಪವಿತ್ರಗ್ರಂಥದಲ್ಲಿ ಸ್ಥಾನ ದೊರೆಯಲಿಲ್ಲ. ಮೊದಲನೆಯದರ ಹೀಬ್ರೂ ಮೂಲವೇ ಕಳೆದುಹೋಗಿ ಗ್ರೀಕ್ ಅನುವಾದವು ಉಳಿಯಿತು. ಯಾರ ಅರಸನೊಡನೆ ಅವನು ಕಾದಿದನೋ ಅವರ ಭಾಷೆಯೇ ಅವನ ಕೀರ್ತಿಯನ್ನು ಕಾಪಾಡಿತು! ಮುಂದೆ ಯೂರೋಪಿನವರು ಅವನನ್ನು ಲೋಕದ ಒಂಬತ್ತು ಮಹಾವೀರರಲ್ಲಿ ಎಣಿಸಿದರು; ಸಂಗೀತಗಾರನಾದ ಹ್ಯಾಂಡೆಲನು ಅವನ 
ಕಥೆಯನ್ನು ಗೀತನಾಟಕವಾಗಿ ರಚಿಸಿ ೧೭೪೭ರಲ್ಲಿ ಲಂಡನ್ನಿನಲ್ಲಿ ಹಾಡಿಸಿದನು. ಆದರೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಒಡೆಯದೆ ಬಾಳಿದ್ದು, ಕೋಟೆಯ ವೈರಿಗಳ ಕಣ್ಣೆದುರಿನಲ್ಲಿಯೇ ಅವನು ಹಚ್ಚಿಸಿದ ಆ ದೀಪ. ದೇವಾಲಯವು ಹೋದಾಗ ಅದು ಮನೆಯ ಬಾಗಿಲಿಗೆ ಬಂದು ನಿಂತಿತು. ಮನೆಯವರು ಪರದೇಶಕ್ಕೆ ಹೊರಟಾಗ ಅವರೊಡನೆ ಹೊರಟಿತು.

ಆ ದೀಪವು ನಮ್ಮ ದೇಶಕ್ಕೂ ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯ ದೇಶದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ನಮ್ಮ ಮಂಗಳೂರಿನಲ್ಲಿ ಹಲವು ವರ್ಷ ನೆಲಸಿ ಹಿತ್ತಾಳೆಯ ಪಾತ್ರೆಗಳ ಕಾರ್ಖಾನೆಯನ್ನು ನಡೆಸುತ್ತಿದ್ದನು. ಕೊಂಕಣದ ಕರಾವಳಿಯಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರುಂಟು. ಹಡಗು ಒಡೆದು ದಡ ಸೇರಿದ ಏಳು ಗಂಡಸರೂ ಏಳು ಹೆಂಗಸರೂ ತಮ್ಮ ಮೂಲಪುರುಷರೆಂದು ಅವರ ಐತಿಹ್ಯ. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ಕಟ್ಟದಿದ್ದುದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು, ಅಂದರೆ ಶನಿವಾರದ ಗಾಣಿಗರೆಂದು ಕರೆದರು. ಅವರ ಹಳೆಯ ಆಚಾರಗಳಲ್ಲಿ ಹನುಕ್ಕಾ ಇರಲಿಲ್ಲ. ಯೂದನ ಜಯಕ್ಕೆ ಮುನ್ನವೇ ತಮ್ಮ ಹಿರಿಯರು ಸ್ವದೇಶವನ್ನು ಬಿಟ್ಟಿದ್ದರೆಂದು ಅದಕ್ಕೆ ಕಾರಣ ಹೇಳುವರು. ಬೇರೆ ಯೆಹೂದ್ಯರ ಸಂಪರ್ಕ ಬೆಳೆದ ಮೇಲೆ ಅವರೂ ಆ ದೀಪಗಳನ್ನು ಹಚ್ಚತೊಡಗಿದರು. ಎಣ್ಣೆಯನ್ನು ತೆಗೆಯುತ್ತಿದ್ದವರ ಮನೆಗೆ ಎಣ್ಣೆಯ ಹಬ್ಬವು ತಡವಾಗಿಯಾದರೂ ಬಂದಿತು. ಇನ್ನು ಮದರಾಸಿನ ಹವಳದ ವರ್ತಕರ ವಿಷಯವನ್ನು ಮೊದಲೇ ಹೇಳಿದೆವು.

ಯೂದ ಮಕ್ಕಬಿಯ ಈ ಚರಿತ್ರೆಯು ಚೆನ್ನೈಯಲ್ಲಿ ಕನ್ನಡವನ್ನು ಓದುವ ನಮಗೆ ಹತ್ತಿರದ ವಿಷಯವೆಂದೇ ತೋರುತ್ತದೆ. ನಮ್ಮನ್ನು ಇಲ್ಲಿ ಯಾವ ಅರಸನೂ ಪೀಡಿಸುತ್ತಿಲ್ಲ. ತಮಿಳುನಾಡು ನಮಗೆ ಅನ್ನವನ್ನೂ ನೆಲೆಯನ್ನೂ ನೆರೆಹೊರೆಯವರ ಪ್ರೀತಿಯನ್ನೂ ಕೊಟ್ಟಿದೆ. ಅದರ ಭಾಷೆಯನ್ನು ಕಲಿತು ಗೌರವಿಸುವುದು ನಮ್ಮ ಧರ್ಮ. ಆದರೆ ದೀಪವನ್ನು ಆರಿಸಲು ಅರಸನ ಆಜ್ಞೆಯೇ ಬೇಕಾಗಿಲ್ಲ. ಎಣ್ಣೆ ಹಾಕುವುದನ್ನು ಮನೆಯವರು ಮರೆತರೆ ಸಾಕು. ಮನೆಯಲ್ಲಿ ಕನ್ನಡವನ್ನಾಡದೆ, ಕನ್ನಡದ ಪುಸ್ತಕವೊಂದನ್ನೂ ತೆರೆಯದೆ ಒಂದು ತಲೆಮಾರು ಕಳೆದರೆ ಮುಂದಿನವರ ಕೈಗೆ ಬರಿಯ ಹಣತೆಯು ಬರುತ್ತದೆ. ನಮ್ಮ ಶಾಲೆಯಲ್ಲಿ ಓದುವ ಮಕ್ಕಳ ಸಂಖ್ಯೆಯನ್ನು ಎಣಿಸಿ, ಇಷ್ಟು ಜನರಿಂದ ಏನಾದೀತೆಂದು ಕೆಲವರು ಕೇಳುವುದುಂಟು. ಒಂದು ದಿನಕ್ಕೆ ಸಾಲುವ ಎಣ್ಣೆಯನ್ನು ಕಂಡವರೂ ಹಾಗೆಯೇ ಕೇಳಿರಬಹುದು.

ನಮ್ಮ ದೀಪವನ್ನು ನಮ್ಮ ಹೊಸ್ತಿಲಿನಲ್ಲಿ ಇಟ್ಟರೆ ಪಕ್ಕದ ಮನೆಯ ಕಾರ್ತಿಗೈ ದೀಪಕ್ಕೆ ಕುಂದೇನೂ ಬಾರದು. ಬೀದಿಗೆ ಬೆಳಕು ಹೆಚ್ಚುತ್ತದೆ. ಈ ವರ್ಷ ಒಂದು ಹಣತೆಯಾದರೆ ಬರುವ ವರ್ಷ ಎರಡಾಗಲಿ. ಹಿಲ್ಲೇಲನ ಪಂಥದವರು ಹೇಳಿದಂತೆ, ಏರುತ್ತ ಹೋಗೋಣ.